ಬೆಟದೂರಿಗೆ ಸೈಕಲ್ ಮೇಲೆ ಹೋಗೋಣ

ಈ ಸಲವೂ ಸ್ವಾತಂತ್ರ್ಯ ದಿನಕ್ಕೆ ಬೈಕ್ ರ್‍ಯಾಲಿ ಮಾಡಬೇಕೆಂದು ನಮ್ಮ ಕಾಮರ್ಸ್ ವಿಭಾಗದ ಕೆಲವರು ಹೇಳುತ್ತಿದ್ದಾರೆ. ಹೋದ ವರ್ಷ ನಾನೂ ಹೋಗಿದ್ದೆ. ಹಿಂದಿನ ಸೀಟಿನಲ್ಲಿ ಧ್ವಜ ಹಿಡಿದು ಕುಳಿತಿದ್ದೆ. ಹಾರ್ನ್, ಘೋಷಣೆ, ಸೆಲ್ಫಿ ಎಲ್ಲ ಸೇರಿ ನಲವತ್ತು ನಿಮಿಷದಲ್ಲಿ ಮುಗಿಯಿತು. (ನಮ್ಮಲ್ಲಿ ಅರ್ಧ ಜನರಿಗೆ ಲೈಸೆನ್ಸ್ ಇರಲಿಲ್ಲ ಎಂಬುದು ಬೇರೆ ಮಾತು.) ಮನೆಗೆ ಬಂದಾಗ ನಾನಿ ಕೇಳಿದರು: "ಯಾವ ಶಹೀದರ ಹೆಸರಿನಲ್ಲಿ ಹೋಗಿದ್ರಿ ಬೇಟಾ?" ನನಗೆ ಒಂದು ಹೆಸರೂ ಹೇಳಲು ಬರಲಿಲ್ಲ.

ನಾನಿ ಸುಮ್ಮನೆ ಕೇಳಿದ್ದಲ್ಲ. ನನ್ನ ಚಿಕ್ಕ ಮಾಮು ಸೈನ್ಯದಲ್ಲಿದ್ದಾರೆ. ಅವರು ಎತ್ತರದ ಜಾಗದಲ್ಲಿದ್ದಾಗ ಎಷ್ಟೋ ದಿನ ಫೋನ್ ಬರುವುದಿಲ್ಲ. ನಾನಿ ಮೊಬೈಲನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಾರೆ. ಗೊತ್ತಿಲ್ಲದ ನಂಬರಿನಿಂದ ಕರೆ ಬಂದರೆ ತಾವು ಎತ್ತುವುದಿಲ್ಲ, ನನ್ನ ಕೈಗೆ ಕೊಡುತ್ತಾರೆ. ಸಾಲದ ಜಾಹೀರಾತಿನ ಕರೆ ಎಂದು ಗೊತ್ತಾಗುವವರೆಗೆ ನನ್ನ ಮುಖವನ್ನೇ ನೋಡುತ್ತಾರೆ.

ಅದಕ್ಕೇ ನನ್ನ ಸಲಹೆ ಇದು. ಬೈಕ್ ಬೇಡ, ಸೈಕಲ್ ತೆಗೆದುಕೊಳ್ಳೋಣ. ಊರು ಸುತ್ತುವುದು ಬೇಡ, ಒಬ್ಬ ಸೈನಿಕನ ಊರಿಗೆ ಹೋಗೋಣ. ಬಾದಾಮಿ ಹತ್ತಿರದ ಶಿವಯೋಗ ಮಂದಿರದಿಂದ ಹೊರಟು ರೋಣ, ಗದಗ, ಅಣ್ಣಿಗೇರಿ ದಾಟಿ ಕುಂದಗೋಳ ತಾಲ್ಲೂಕಿನ ಬೆಟದೂರಿಗೆ.

ಬೆಟದೂರು ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರ ಊರು. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ, ಸುಮಾರು 19,600 ಅಡಿ ಎತ್ತರದಲ್ಲಿ, ಮದ್ರಾಸ್ ರೆಜಿಮೆಂಟಿನ ಹತ್ತು ಜನರ ಮೇಲೆ ಹಿಮ ಕುಸಿಯಿತು. ಆರು ದಿನಗಳ ನಂತರ ಅಗೆದಾಗ ಹನುಮಂತಪ್ಪ ಇನ್ನೂ ಉಸಿರಾಡುತ್ತಿದ್ದರು. ಆಗ ನಾನು ಚಿಕ್ಕವನು. ಟಿವಿ ಮುಂದೆ ಅಮ್ಮಿ, ನಾನಿ ಕೈಯೆತ್ತಿ ದುವಾ ಮಾಡುತ್ತಿದ್ದುದು ಮಾತ್ರ ಮಸುಕಾಗಿ ನೆನಪಿದೆ. ಫೆಬ್ರುವರಿ 11ರಂದು ಅವರು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಆ ಹತ್ತು ಜನರಲ್ಲಿ ನಮ್ಮ ರಾಜ್ಯದವರು ಇನ್ನೂ ಇಬ್ಬರಿದ್ದರು: ಹಾಸನ ಜಿಲ್ಲೆಯ ಸುಬೇದಾರ್ ನಾಗೇಶ, ಮೈಸೂರು ಜಿಲ್ಲೆಯ ಸಿಪಾಯಿ ಮಹೇಶ. ಕರ್ನೂಲು ಜಿಲ್ಲೆಯ ಸಿಪಾಯಿ ಮುಷ್ತಾಕ್ ಅಹ್ಮದ್ ಕೂಡ ಇದ್ದರು.

ಮುಷ್ತಾಕ್ ಹೆಸರು ಬರೆಯುವಾಗ ಪೆನ್ನು ಸ್ವಲ್ಪ ನಿಂತಿತು. ನಮ್ಮ ಕಾಲೇಜಿನ ಭಾಷಣಗಳಲ್ಲಿ ಅಬ್ದುಲ್ ಹಮೀದ್, ಬ್ರಿಗೇಡಿಯರ್ ಉಸ್ಮಾನ್ ಹೆಸರು ಪ್ರತಿ ವರ್ಷ ಬರುತ್ತದೆ. ಬರಲಿ, ಅವರು ದೊಡ್ಡವರು. ಆದರೆ ಕೆಲವು ಸಲ ಯಾರಿಗೋ ಸರ್ಟಿಫಿಕೇಟ್ ತೋರಿಸುವ ಹಾಗೆ ಆ ಹೆಸರುಗಳನ್ನು ಹೇಳುತ್ತೇವೆ ಅನಿಸುತ್ತದೆ. ಈ ಸೈಕಲ್ ಯಾತ್ರೆ ಹಾಗಾಗಬಾರದು. ಮುಷ್ತಾಕ್ ಮತ್ತು ಹನುಮಂತಪ್ಪ ಒಂದೇ ಹಿಮದ ಕೆಳಗೆ ಇದ್ದವರು. ಅವರ ತಾಯಂದಿರ ಸಂಕಟದಲ್ಲಿ ಯಾರೂ ಏನನ್ನೂ ಸಾಬೀತು ಮಾಡಬೇಕಾಗಿಲ್ಲ.

ಹೀಗೆ ದೂರ ಹೋದವರು ಮೊದಲೂ ಇದ್ದಾರೆ. 2008ರ ಮುಂಬೈ ದಾಳಿಯಲ್ಲಿ ಮಡಿದ ಬೆಂಗಳೂರಿನ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಅವರ ಅಶೋಕ ಚಕ್ರವನ್ನು ಮರುವರ್ಷ ರಾಷ್ಟ್ರಪತಿಯವರಿಂದ ಸ್ವೀಕರಿಸಿದವರು ತಾಯಿ ಧನಲಕ್ಷ್ಮಿ. ಇಸ್ರೋದಿಂದ ನಿವೃತ್ತರಾಗಿದ್ದ ತಂದೆ 2012ರಲ್ಲಿ ದೆಹಲಿಯ ಇಂಡಿಯಾ ಗೇಟ್‌ನಿಂದ ಮುಂಬೈನ ಗೇಟ್‌ವೇ ಆಫ್ ಇಂಡಿಯಾವರೆಗೆ ಸೈಕಲ್ ತುಳಿದರು. ಆ ವಯಸ್ಸಿನಲ್ಲಿ! ನಮ್ಮಲ್ಲಿ ಕೆಲವರು ಕಾಲೇಜಿಗೆ ಎರಡು ಕಿಲೋಮೀಟರ್ ಬರಲು ಆಟೊ ಕಾಯುತ್ತೇವೆ. ಬೆಂಗಳೂರಿನ ಸಂಗೀತಗಾರ ಉಮೇಶ್ ಗೋಪಿನಾಥ್ ಜಾಧವ್ ಕಾರಿನಲ್ಲಿ 61,000 ಕಿಲೋಮೀಟರ್ ಸುತ್ತಿ, ಪುಲ್ವಾಮಾದಲ್ಲಿ ಸತ್ತ ಯೋಧರ ಮನೆಮನೆಗೆ ಹೋಗಿ ಹಿಡಿ ಮಣ್ಣು ತಂದರು.

ಶಿವಯೋಗ ಮಂದಿರದಿಂದಲೇ ಏಕೆ ಎಂದು ಗೆಳೆಯನೊಬ್ಬ ಕೇಳಿದ. ಮಲಪ್ರಭೆಯ ದಂಡೆ, ನೆರಳು, ನೀರು ಇವೆ. ಅದಕ್ಕಿಂತ ಹೆಚ್ಚಾಗಿ, ಹಾನಗಲ್ಲ ಕುಮಾರ ಸ್ವಾಮಿಗಳು 1909ರಲ್ಲಿ ಕಟ್ಟಿದ ಆ ಸಂಸ್ಥೆಯಲ್ಲಿ ಚಿಕ್ಕ ಹುಡುಗರು ಮನೆ ಬಿಟ್ಟು ಬಂದು ಓದುತ್ತಾರೆ. ಮಗನನ್ನು ದೂರ ಕಳಿಸಿದ ತಾಯಿಯ ವಿಷಯವನ್ನು ಅಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ನಮ್ಮ ಪ್ರಿನ್ಸಿಪಾಲರು ಒಂದು ಪತ್ರ ಬರೆದರೆ ಅಲ್ಲಿಂದ ಹೊರಡಲು ಬೇಡ ಅನ್ನಲಾರರು ಎಂದು ನನ್ನ ನಂಬಿಕೆ.

ದಾರಿ ನೂರು ಕಿಲೋಮೀಟರಿಗೂ ಹೆಚ್ಚು. ಎರಡು ದಿನ ಬೇಕು, ಗದಗದಲ್ಲಿ ರಾತ್ರಿ ಉಳಿಯಬೇಕು. ಫೆಬ್ರುವರಿ 11ಕ್ಕೆ ಹೋಗುವುದು ಸರಿ, ಆದರೆ ಆಗ ಪರೀಕ್ಷೆಯ ಗಡಿಬಿಡಿ. ಆಗಸ್ಟಿನಲ್ಲಿ ಮಳೆ, ಎರಿ ಮಣ್ಣು ಗಾಲಿ ಬಿಡುವುದಿಲ್ಲ. ಅಕ್ಟೋಬರ್ ರಜೆ ಆಗಬಹುದು. ಗೇರ್ ಸೈಕಲ್ ಬೇಕಿಲ್ಲ. ಆಪಾಗೆ ಎಂಟನೇ ತರಗತಿಯಲ್ಲಿ ಸರ್ಕಾರ ಕೊಟ್ಟ ಸೈಕಲ್ ನಮ್ಮ ಮನೆಯಲ್ಲಿ ಇನ್ನೂ ಇದೆ, ಚೈನು ಮಾತ್ರ ಬದಲಿಸಬೇಕು. ರ್‍ಯಾಲಿಯ ಪೆಟ್ರೋಲ್ ಹಣದಲ್ಲಿ ಪಂಕ್ಚರ್, ಊಟ ಎರಡೂ ಆಗುತ್ತದೆ. ನಾನು ಲೆಕ್ಕ ಹಾಕಿದ್ದೇನೆ.

"ನಾವು ಹೋದರೆ ಆ ತಾಯಿಗೆ ಏನು ಸಿಗುತ್ತದೆ?" ಎಂದೂ ಅದೇ ಗೆಳೆಯ ಕೇಳಿದ. ನನ್ನ ಬಳಿ ಉತ್ತರ ಇರಲಿಲ್ಲ. ನಾನಿಯನ್ನು ಕೇಳಿದೆ. ಅವರು ತುಂಬಾ ಹೊತ್ತು ಸುಮ್ಮನಿದ್ದು, "ಮೊದಲು ಬರಲೋ ಬೇಡವೋ ಅಂತ ಅವರನ್ನೇ ಕೇಳಿ. ಬನ್ನಿ ಅಂದರೆ ಕ್ಯಾಮೆರಾ ತೆಗೆಯಬೇಡಿ. ಮಗನ ಬಗ್ಗೆ ಹೇಳಿದರೆ ಕೇಳಿಸಿಕೊಳ್ಳಿ" ಎಂದರು.

ಮನೆಯವರಿಗೆ ಬರೆಯುವ ಪತ್ರದ ಕರಡು ನನ್ನ ನೋಟ್‌ಬುಕ್ಕಿನಲ್ಲಿದೆ. ಕನ್ನಡ ಮೇಡಂ ತಿದ್ದಿಕೊಡುತ್ತೇನೆ ಎಂದಿದ್ದಾರೆ. ಜೊತೆಗೆ ಸಹಿ ಹಾಕುವವರು ಶನಿವಾರದೊಳಗೆ ಬನ್ನಿ.