ಕಣ್ಣೀರು ಗಡಿಯಾರಕ್ಕೆ, ಲೇಥ್ ಗುಜರಿಗೆ

2024ರ ಆಗಸ್ಟ್‌ನಲ್ಲಿ ಎಚ್‌ಎಂಟಿ ಮತ್ತೆ ಮುಖಪುಟಕ್ಕೆ ಬಂತು. ಹೊಸ ಯಂತ್ರ ಮಾಡಿದ್ದಕ್ಕಲ್ಲ, ಜಮೀನಿನ ಜಗಳಕ್ಕೆ. ಬೆಂಗಳೂರಿನ ಪೀಣ್ಯ-ಜಾಲಹಳ್ಳಿ ಪ್ಲಾಂಟೇಶನ್ನಿನ 599 ಎಕರೆ 1896ರಲ್ಲೇ ಅರಣ್ಯವೆಂದು ಅಧಿಸೂಚನೆಯಾಗಿದೆ, ಕಾನೂನಿನ ಪ್ರಕಾರ ಅದು ಇಂದಿಗೂ ಅರಣ್ಯವೇ, ಎಚ್‌ಎಂಟಿ ಹಿಡಿದುಕೊಂಡಿರುವ ಭೂಮಿಯನ್ನು ವಾಪಸ್ ಪಡೆಯಿರಿ ಎಂದು ರಾಜ್ಯದ ಅರಣ್ಯ ಸಚಿವ ಈಶ್ವರ ಖಂಡ್ರೆ ಅಧಿಕಾರಿಗಳಿಗೆ ಸೂಚಿಸಿದರು. ಅದಕ್ಕೆ ಎರಡು ತಿಂಗಳ ಹಿಂದಷ್ಟೇ ಕೇಂದ್ರದ ಭಾರಿ ಕೈಗಾರಿಕೆ ಖಾತೆ ವಹಿಸಿಕೊಂಡಿದ್ದ ಎಚ್.ಡಿ. ಕುಮಾರಸ್ವಾಮಿ ಅದೇ ಕಂಪನಿಯನ್ನು ಮತ್ತೆ ಎಬ್ಬಿಸಿ ನಿಲ್ಲಿಸುವ ಮಾತಾಡುತ್ತಿದ್ದರು. ಒಬ್ಬರಿಗೆ ಅಲ್ಲಿ ಲಾಲ್‌ಬಾಗ್ ಮಾದರಿಯ ಉದ್ಯಾನ ಬೇಕು, ಇನ್ನೊಬ್ಬರಿಗೆ ಕಾರ್ಖಾನೆ ಬೇಕು. ನಡುವೆ ಒಂದು ಸಿನಿಮಾ ಸೆಟ್‌ಗಾಗಿ ಮರ ಕಡಿದರೆಂಬ ಆರೋಪವೂ ಸೇರಿಕೊಂಡು ಜಗಳಕ್ಕೆ ಒಳ್ಳೆಯ ಕಳೆ ಬಂತು.

ಇಷ್ಟೆಲ್ಲ ಹೇಳಿಕೆ, ಪ್ರತಿಹೇಳಿಕೆಗಳಲ್ಲಿ ಒಂದು ಪದ ನನ್ನ ಕಣ್ಣಿಗೆ ಬೀಳಲೇ ಇಲ್ಲ: ಲೇಥ್.

ಹಿಂದುಸ್ತಾನ್ ಮಷೀನ್ ಟೂಲ್ಸ್ ಎಂಬ ಹೆಸರಿನಲ್ಲೇ ಇರುವುದು ಯಂತ್ರೋಪಕರಣ. 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಸಹಯೋಗದಲ್ಲಿ ಜಾಲಹಳ್ಳಿಯಲ್ಲಿ ಕಂಪನಿಯನ್ನು ಕಟ್ಟಿದ್ದು ಲೇಥ್, ಅಂದರೆ ಲೋಹ ತಿರುವುವ ಯಂತ್ರ, ಮಾಡುವುದಕ್ಕೆ. ಜಪಾನಿನ ಸಿಟಿಜನ್ ಕಂಪನಿಯ ನೆರವಿನ ಗಡಿಯಾರ ಬಂದದ್ದು ಅರವತ್ತರ ದಶಕದಲ್ಲಿ, ಅಂದರೆ ಆಮೇಲಿನ ಮಾತು. ಆದರೆ ನಮ್ಮ ಮಧ್ಯಮ ವರ್ಗದ ನೆನಪಿನಲ್ಲಿ ಉಳಿದಿರುವುದು ಗಡಿಯಾರ ಮಾತ್ರ. 2016ರಲ್ಲಿ ಕೇಂದ್ರ ಸಂಪುಟ ಗಡಿಯಾರ ಕಂಪನಿಗೆ ಬೀಗ ಹಾಕಲು ಒಪ್ಪಿದಾಗ ಅಪ್ಪ ಕಟ್ಟುತ್ತಿದ್ದ ‘ಜನತಾ’ದ ಬಗ್ಗೆ ಎಷ್ಟೊಂದು ಲೇಖನಗಳು ಬಂದವು! ಈಗ ‘ಪೈಲಟ್’ ಮಾದರಿಯನ್ನು ಹುಡುಕಿಕೊಂಡು ಹೋಗಿ ಕೊಳ್ಳುವವರಿದ್ದಾರೆ. ತಪ್ಪೇನಿಲ್ಲ, ನನ್ನ ಮೇಜಿನ ಡ್ರಾಯರಿನಲ್ಲೂ ಒಂದಿದೆ. ಆದರೆ ಕೈಗಡಿಯಾರದ ಎಚ್‌ಎಂಟಿ ಸತ್ತಿರಬಹುದು, ಲೇಥಿನ ಎಚ್‌ಎಂಟಿ ಇಂದು ಬೆಳಿಗ್ಗೆಯೂ ಕೆಲಸಕ್ಕೆ ಹೋಗಿದೆ. ಪೀಣ್ಯ ಎರಡನೇ ಹಂತ, ರಾಜಗೋಪಾಲನಗರ, ಲಗ್ಗೆರೆ, ಅಂದ್ರಹಳ್ಳಿಯ ತಗಡಿನ ಶೆಡ್‌ಗಳಲ್ಲಿ ಒಮ್ಮೆ ಸುತ್ತಾಡಿ ಬನ್ನಿ. ಎಣ್ಣೆ ಮೆತ್ತಿದ ಹಸಿರು ಬಣ್ಣದ ಒಂದು ಎನ್‌ಎಚ್ 22 ಲೇಥ್, ಮೂಲೆಯಲ್ಲಿ ಒಂದು ಎಫ್‌ಎನ್ 2 ಮಿಲ್ಲಿಂಗ್ ಮಿಷನ್, ಅದೃಷ್ಟವಿದ್ದರೆ ಒಂದು ಆರ್‌ಎಂ 62 ರೇಡಿಯಲ್ ಡ್ರಿಲ್ ಸಿಕ್ಕೇ ಸಿಗುತ್ತವೆ.

ಆ ಶೆಡ್‌ಗಳಲ್ಲಿ ನಡೆಯುತ್ತಿರುವ ವಾದ ಬೇರೆಯದು. ಈ ಹಳೇ ಮಿಷನ್ ರಿಪೇರಿ ಮಾಡಿಸೋದೋ, ತೆಗೆದು ಹೊಸದು ಹಾಕೋದೋ?

ನನ್ನ ಪರಿಚಯದ ಒಬ್ಬರ ಶೆಡ್ ರಾಜಗೋಪಾಲನಗರದಲ್ಲಿದೆ. ಇಬ್ಬರು ಕೆಲಸಗಾರರು, ಮೂರು ಮಿಷನ್, ಜಾಬ್‌ವರ್ಕ್ ಬದುಕು. ತೊಂಬತ್ತರ ದಶಕದಲ್ಲಿ ಮುಚ್ಚಿದ ಯಾವುದೋ ಕಾರ್ಖಾನೆಯ ಹರಾಜಿನಲ್ಲಿ ಅವರ ತಂದೆ ತಂದ ಎನ್‌ಎಚ್ 22 ಕೆಲವು ವರ್ಷಗಳ ಹಿಂದೆ ಟೇಪರ್ ಹೊಡೆಯತೊಡಗಿತು. ಉದ್ದನೆಯ ಶಾಫ್ಟ್ ತಿರುವಿದರೆ ಈ ತುದಿಗೂ ಆ ತುದಿಗೂ ದಪ್ಪದಲ್ಲಿ ವ್ಯತ್ಯಾಸ. ಎಚ್‌ಎಂಟಿಯಲ್ಲೇ ಫಿಟ್ಟರ್ ಆಗಿ ನಿವೃತ್ತರಾದ ಎಪ್ಪತ್ತು ದಾಟಿದ ಹಿರಿಯರೊಬ್ಬರನ್ನು ಕರೆಸಿದರು. ಅವರು ಲೇಥಿನ ತಳಹಾಸು, ಅಂದರೆ ಬೆಡ್ ಮೇಲೆ ಬೆರಳಾಡಿಸಿ, ಕೆಲಸದ ತುಂಡು ಹಿಡಿಯುವ ಚಕ್ಕಿನ ಹತ್ತಿರ ಒಂದು ಗೇಣು ಜಾಗ ತೋರಿಸಿ, ‘ಸವೆದಿರೋದು ಇಷ್ಟೇ ಸಾರ್. ಆ ಕಡೆ ತುದಿ ನೋಡಿ, ಫ್ಯಾಕ್ಟರಿ ಬಿಟ್ಟಾಗ ಹೆಂಗಿತ್ತೋ ಹಂಗೇ ಇದೆ’ ಅಂದರು.

ಇದು ಲೇಥಿನ ಸ್ವಭಾವ. ಹೆಚ್ಚಿನ ಕೆಲಸ ಚಕ್ಕಿನ ಪಕ್ಕದಲ್ಲೇ ನಡೆಯುವುದರಿಂದ ಉಳಿ ಹೊತ್ತ ಕ್ಯಾರೇಜ್ ಅಲ್ಲೇ ಹಿಂದೆ ಮುಂದೆ ಓಡಾಡಿ, ಬಾವಿಕಟ್ಟೆಯ ಮೇಲೆ ಹಗ್ಗದ ಗುರುತು ಬೀಳುವ ಹಾಗೆ ಬೆಡ್ ಅಲ್ಲೇ ಸವೆಯುತ್ತದೆ. ರಿಪೇರಿಯೂ ಮಾಟಮಂತ್ರವಲ್ಲ. ಬೆಡ್ಡನ್ನು ಗ್ರೈಂಡ್ ಮಾಡಬೇಕು. ತಗ್ಗಿದಷ್ಟನ್ನು ತುಂಬಲು ಕ್ಯಾರೇಜಿನ ತಳಕ್ಕೆ ಪಟ್ಟಿ ಅಂಟಿಸಬೇಕು. ಆಮೇಲೆ ಸ್ಕ್ರೇಪಿಂಗ್: ನೇರ ಪಟ್ಟಿಗೆ ನೀಲಿ ಬಳಿದು ಮೇಲ್ಮೈಗೆ ಉಜ್ಜಿ, ಎಲ್ಲಿ ಬಣ್ಣ ಹತ್ತಿತೋ ಅಷ್ಟನ್ನು ಮಾತ್ರ ಕೈಯುಳಿಯಿಂದ ಕೆರೆದು, ಮತ್ತೆ ನೀಲಿ, ಮತ್ತೆ ಕೆರೆತ. ಚದರ ಇಂಚಿಗೆ ಇಷ್ಟು ಚುಕ್ಕೆ ಎಂದು ಲೆಕ್ಕ ಸಿಗುವವರೆಗೂ ಬಿಡುವಂತಿಲ್ಲ. ಸ್ಪಿಂಡಲ್ ಬೇರಿಂಗ್, ಗೇರು, ಹಾಫ್‌ನಟ್ ಎಲ್ಲ ಬದಲಾಯಿಸಬಹುದಾದ ಸಾಮಾನು. ಬದಲಾಯಿಸಲಾಗದ್ದು ಎರಕದ ಕಬ್ಬಿಣದ ಆ ಬೆಡ್ ಒಂದೇ. ವಿಚಿತ್ರವೆಂದರೆ ಅದು ಹಳತಾದಷ್ಟೂ ಒಳ್ಳೆಯದು. ಹೊಸ ಎರಕದೊಳಗೆ ಬಿಗಿತ ಉಳಿದಿರುತ್ತದೆ, ಅದು ಸಡಿಲವಾಗುವಾಗ ಕಬ್ಬಿಣ ಕೂದಲೆಳೆಯಷ್ಟು ಬಾಗುತ್ತದೆ. ದಶಕಗಳಿಂದ ಒಂದೇ ಕಡೆ ಕೂತ ಬೆಡ್ ಬಾಗುವುದಿದ್ದರೆ ಎಂದೋ ಬಾಗಿ ಮುಗಿದಿರುತ್ತದೆ.

ಹಿರಿಯರು ಮಾಡಿಕೊಡಲು ಸಿದ್ಧರಿದ್ದರು. ಮಾಲೀಕರು ಬ್ಯಾಂಕಿಗೆ ಹೋದರು. ಅಲ್ಲಿನ ಅಧಿಕಾರಿ ಕೇಳಿದ್ದು ಒಂದೇ ಪ್ರಶ್ನೆ: ಹೊಸ ಮಿಷನ್ನಿನ ಕೊಟೇಶನ್ ಎಲ್ಲಿ? ರೀಕಂಡೀಷನ್ನಿಗೆ ಸಾಲ ಕೊಡುವ ಕಾಲಮ್ಮೇ ಅವರ ಫಾರಂನಲ್ಲಿ ಇರಲಿಲ್ಲ. ಕೊನೆಗೆ ಸಾಲ ಮಾಡಿ ಕಂಪ್ಯೂಟರ್ ನಿಯಂತ್ರಣದ ಸಣ್ಣ ಸಿಎನ್‌ಸಿ ತಂದರು. ಜಾಗ ಸಾಲದೆ ಎನ್‌ಎಚ್ 22 ತೂಕದ ಲೆಕ್ಕದಲ್ಲಿ ಗುಜರಿಯವರ ಟೆಂಪೋ ಹತ್ತಿತು. ಈಗ ಬೋರ್‌ವೆಲ್ ಪಂಪಿನ ಒಂದೇ ಒಂದು ಶಾಫ್ಟ್ ರಿಪೇರಿಗೆ ಬಂದರೆ ಅವರು ಅದನ್ನು ಎರಡು ಶೆಡ್ ಆಚೆಯವರಿಗೆ ದಾಟಿಸುತ್ತಾರೆ. ಒಂದು ಪೀಸಿಗೆ ಪ್ರೋಗ್ರಾಂ ಬರೆದು ಸಿಎನ್‌ಸಿ ಹೊಂದಿಸಿ ಕೂತರೆ ಹೊಟ್ಟೆ ತುಂಬುವುದಿಲ್ಲ. ಎರಡು ಶೆಡ್ ಆಚೆ ಇರುವುದೂ ಒಂದು ಹಳೇ ಎಚ್‌ಎಂಟಿಯೇ.

ಆ ಬ್ಯಾಂಕ್ ಅಧಿಕಾರಿಯನ್ನು ನಾನು ದೂರುವುದಿಲ್ಲ. ಅವರು ದೆಹಲಿಯಲ್ಲಿ ಬರೆದದ್ದನ್ನು ಓದಿ ಹೇಳಿದರು, ಅಷ್ಟೆ. ಸಣ್ಣ ಕೈಗಾರಿಕೆಗಳ ತಂತ್ರಜ್ಞಾನ ಮೇಲ್ದರ್ಜೆಗೇರಿಸಲೆಂದು 2000ದಲ್ಲಿ ಶುರುವಾಗಿ 2005ರಲ್ಲಿ ತಿದ್ದುಪಡಿಯಾದ ಸಾಲ-ಬಂಡವಾಳ ಸಹಾಯಧನ ಯೋಜನೆಯನ್ನೇ ನೋಡಿ. 1 ಕೋಟಿ ರೂಪಾಯಿವರೆಗಿನ ಸಾಲಕ್ಕೆ ಶೇ 15, ಅಂದರೆ ಗರಿಷ್ಠ 15 ಲಕ್ಷ ಸಹಾಯಧನ ಸಿಗುತ್ತಿತ್ತು. ಷರತ್ತು ಏನಿತ್ತು? ಸೆಕೆಂಡ್ ಹ್ಯಾಂಡ್ ಯಂತ್ರಕ್ಕೆ ಇರಲಿಲ್ಲ. ಆದಾಯ ತೆರಿಗೆಯದ್ದೂ ಇದೇ ಕತೆ: 1961ರ ಕಾಯ್ದೆಯ 32ನೇ ಸೆಕ್ಷನ್ನಿನಲ್ಲಿ ಶೇ 20ರ ಹೆಚ್ಚುವರಿ ಸವಕಳಿ ಇಟ್ಟದ್ದು ಹೊಸ ಯಂತ್ರಕ್ಕೆ ಮಾತ್ರ. ‘ಆಧುನೀಕರಣ’ ಎಂದರೆ ‘ಹೊಸದನ್ನು ಕೊಳ್ಳುವುದು’ ಎಂದು ನಮ್ಮ ಕಾನೂನು ತೀರ್ಮಾನಿಸಿಬಿಟ್ಟಿದೆ. ಯಂತ್ರಕ್ಕೆ ಮಾತ್ರವೂ ಅಲ್ಲ. 15 ವರ್ಷ ತುಂಬಿದ ಸರ್ಕಾರಿ ವಾಹನಗಳನ್ನು 2023ರ ಏಪ್ರಿಲ್ 1ರಿಂದ ಗುಜರಿಗೆ ಹಾಕಬೇಕೆಂಬ ನಿಯಮದಲ್ಲೂ ನೋಡುವುದು ಹುಟ್ಟಿದ ತಾರೀಕು, ಎಂಜಿನ್ನಿನ ಸ್ಥಿತಿಯಲ್ಲ.

ಇದೇ ಸರ್ಕಾರ ಸಮುದ್ರತೀರಕ್ಕೆ ಹೋದಾಗ ಸ್ವಲ್ಪ ಬುದ್ಧಿವಂತಿಕೆ ತೋರಿಸಿದೆ. 2020ರ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಸಾಂಪ್ರದಾಯಿಕ ಮೀನುಗಾರರ ಹಳೆ ದೋಣಿ ಬದಲಿಸಲು ಒಂದು ಬಾಬ್ತು ಇದೆ, ದೋಣಿ ಮತ್ತು ಬಲೆ ಸೇರಿ 5 ಲಕ್ಷ ರೂಪಾಯಿ ಘಟಕ ವೆಚ್ಚ. ಇರುವ ದೋಣಿಯನ್ನೇ ಮೇಲ್ದರ್ಜೆಗೇರಿಸಲು ಇನ್ನೊಂದು ಬಾಬ್ತು ಬೇರೆಯೇ ಇದೆ. ಅದೂ ರಫ್ತಿಗೆ ತಕ್ಕಂತೆ ಮಾಡುವುದಕ್ಕೆ ಎಂಬುದು ನಿಜ, ಮರದ ಹಲಗೆ ಬದಲಿಸುವ ಬಡ ಮೀನುಗಾರನಿಗೆ ಅದರಿಂದ ಬಹಳ ಸಿಗುವುದಿಲ್ಲ. ಆದರೂ ಎರಡು ದಾರಿ ಇವೆ ಎಂಬುದನ್ನು ಆ ಕಾಗದ ಒಪ್ಪಿಕೊಂಡಿದೆ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧದ 61 ದಿನ ಮಲ್ಪೆಯಲ್ಲಿ ದೋಣಿಗಳು ದಡಕ್ಕೆ ಬಂದಾಗ ಅನುಭವಸ್ಥ ಬಡಗಿ ದೋಣಿಗೆ ಎಷ್ಟು ವರ್ಷವಾಯಿತೆಂದು ಕೇಳುತ್ತಾ ಕೂರುವುದಿಲ್ಲ, ಅಡಿಹಲಗೆಯನ್ನು ತಟ್ಟಿ ನೋಡುತ್ತಾನೆ. ಸದ್ದು ಗಟ್ಟಿಯಿದ್ದರೆ ರಿಪೇರಿ, ಪೊಳ್ಳಾಗಿದ್ದರೆ ಒಲೆಗೆ. ದೋಣಿಗೆ ಸಲ್ಲುವ ಈ ನ್ಯಾಯ ಪೀಣ್ಯದ ಲೇಥಿಗೆ ಯಾಕೆ ಸಲ್ಲಬಾರದು?

ಹಳೆಯದೆಲ್ಲ ಹೊನ್ನು ಎಂದು ನಾನು ವಾದಿಸುತ್ತಿಲ್ಲ. ತಿಂಗಳಿಗೆ ಹತ್ತು ಸಾವಿರ ಒಂದೇ ತರದ ಬುಷ್ ಮಾಡಿಕೊಡಬೇಕಾದವನು ಹಳೇ ಲೇಥ್ ಹಿಡಿದುಕೊಂಡು ಕೂತರೆ ಅದು ಹಟ. ಮೈಕ್ರಾನ್ ಲೆಕ್ಕದ ನಿಖರತೆ ಕೇಳುವ ಏರೋಸ್ಪೇಸ್ ಕೆಲಸ ಬಂದರೆ ಸಿಎನ್‌ಸಿಯೇ ಬೇಕು. ಗಾರ್ಡ್ ಇಲ್ಲದ, ಕ್ಲಚ್ ಜಾರುವ, ಕೈ ಕಳೆಯುವ ಮಿಷನ್ನನ್ನು ನೆನಪಿನ ಹೆಸರಲ್ಲಿ ಓಡಿಸುವುದು ಅಪರಾಧ. ಬೆಡ್ ಬಿರುಕು ಬಿಟ್ಟಿದ್ದರೆ ಒಂದು ಕ್ಷಣವೂ ಯೋಚಿಸದೆ ಗುಜರಿಗೆ ಕೊಡಿ. ಆದರೆ ಆ ತೀರ್ಮಾನ ಬೆಡ್ ನೋಡಿ ಆಗಬೇಕು. ಮಾದಾವರದ ವಸ್ತುಪ್ರದರ್ಶನದಲ್ಲಿ ಹೊಳೆಯುವ ಗಾಜಿನ ಬಾಗಿಲಿನ ಯಂತ್ರ ಕಂಡು, ಸಹಾಯಧನದ ಆಸೆಗೆ ಬಿದ್ದು ಆಗಬಾರದು. ಜಾಬ್ ಇಲ್ಲದೆ ನಿಂತ ಸಿಎನ್‌ಸಿಗೂ ಕಂತು ಕಟ್ಟಲೇಬೇಕು ಎಂಬುದು ಪೀಣ್ಯದಲ್ಲಿ ಎಲ್ಲರಿಗೂ ಗೊತ್ತು.

ಈಗ ಇಬ್ಬರು ಸಚಿವರ ಜಗಳಕ್ಕೆ ಬರೋಣ. ಕಾಡಿನ ಬಗ್ಗೆ ನನ್ನ ತಕರಾರಿಲ್ಲ. ಜಾಲಹಳ್ಳಿಯ ಆ ಮರಗಳ ನೆರಳಲ್ಲಿ ನಡೆದಾಡಿದವರು ಯಾರೂ ಅಲ್ಲಿ ಅಪಾರ್ಟ್‌ಮೆಂಟ್ ಏಳಲಿ ಎನ್ನಲಾರರು. ಭೂಮಿ ಯಾರದ್ದೆಂಬುದನ್ನು ನ್ಯಾಯಾಲಯ ನೋಡಿಕೊಳ್ಳಲಿ. ನನ್ನ ತಕರಾರು ‘ಪುನಶ್ಚೇತನ’ ಎಂಬ ಪದದ ಬಗ್ಗೆ. ಹೊಸ ಲೇಥ್ ಮಾಡಿ ಎಚ್‌ಎಂಟಿ ಮಾರುಕಟ್ಟೆ ಗೆಲ್ಲುತ್ತದೆ ಎಂದು ನಂಬುವುದು ಕಷ್ಟ. 1979ರಲ್ಲಿ ಶುರುವಾದ ಏಸ್ ಡಿಸೈನರ್ಸ್‌ನಂಥ ಕಂಪನಿಗಳು ಇದೇ ಪೀಣ್ಯದಲ್ಲಿ ಕೂತು ಸಿಎನ್‌ಸಿ ಲೇಥಿನ ಮಾರುಕಟ್ಟೆಯನ್ನು ಎಂದೋ ಕೈಗೆ ತೆಗೆದುಕೊಂಡಿವೆ. ಎಚ್‌ಎಂಟಿ ಬಳಿ ಇರುವ, ಬೇರೆ ಯಾರ ಬಳಿಯೂ ಇಲ್ಲದ ಆಸ್ತಿ ಬೇರೆ: ದೇಶದ ತುಂಬ ಓಡುತ್ತಿರುವ ಅದರ ಹಳೆ ಯಂತ್ರಗಳು, ಅವುಗಳ ನಕ್ಷೆ, ಅವುಗಳನ್ನು ಕಟ್ಟಿದ ಕೈಗಳು. ಈ ಕೊನೆಯದಕ್ಕೆ ಆಯಸ್ಸು ಕಡಿಮೆ. ಸ್ಕ್ರೇಪಿಂಗ್ ಬಲ್ಲ ಫಿಟ್ಟರ್‌ಗಳು ಎಪ್ಪತ್ತರ ಆಸುಪಾಸಿನಲ್ಲಿದ್ದಾರೆ. ವಿದ್ಯಾರಣ್ಯಪುರದಲ್ಲೋ, ಎಚ್‌ಎಂಟಿ ಲೇಔಟಿನಲ್ಲೋ ಮೊಮ್ಮಕ್ಕಳನ್ನು ಸ್ಕೂಲ್ ವ್ಯಾನಿಗೆ ಹತ್ತಿಸುತ್ತಿದ್ದಾರೆ.

ಹಾಗಾಗಿ ಕುಮಾರಸ್ವಾಮಿಯವರು ಪುನಶ್ಚೇತನವನ್ನು ರಿಪೇರಿಯಿಂದಲೇ ಶುರುಮಾಡಲಿ. ಉತ್ಪಾದನೆ ನಿಂತ ಹಳೆ ಮಾದರಿಗಳ ನಕ್ಷೆಗಳನ್ನು, ಬಿಡಿಭಾಗದ ಅಳತೆಗಳನ್ನು ಪೀಣ್ಯದ ಯಾವ ಶೆಡ್ಡಿನವನು ಬೇಕಾದರೂ ತೆಗೆದುಕೊಳ್ಳುವಂತೆ ಬಿಡುಗಡೆ ಮಾಡಲಿ. ರೀಕಂಡೀಷನ್ ಮಾಡಿ ಅಳತೆಯ ಪರೀಕ್ಷೆ ಪಾಸಾದ ಯಂತ್ರಕ್ಕೆ ಎಚ್‌ಎಂಟಿಯೇ ಪ್ರಮಾಣಪತ್ರ ಕೊಡಲಿ, ಆ ಪತ್ರ ತೋರಿಸಿದರೆ ಬ್ಯಾಂಕು ಸಾಲ ಕೊಡಲಿ. ಪರೀಕ್ಷಿಸಲು ತುಮಕೂರು ರಸ್ತೆಯಲ್ಲೇ 1962ರಿಂದ ಕೇಂದ್ರೀಯ ಉತ್ಪಾದನಾ ತಂತ್ರಜ್ಞಾನ ಸಂಸ್ಥೆ ಇದೆ, ದೂರ ಹೋಗಬೇಕಾಗಿಲ್ಲ. ರಾಜ್ಯ ಸರ್ಕಾರದ ಪಾಲೂ ಇದೆ. ಸುಮಾರು 4,700 ಕೋಟಿ ರೂಪಾಯಿಯಲ್ಲಿ 150 ಐಟಿಐಗಳನ್ನು ಮೇಲ್ದರ್ಜೆಗೇರಿಸಿ 2022ರ ಜೂನ್‌ನಲ್ಲಿ ಪ್ರಧಾನಿಯವರ ಕೈಯಲ್ಲಿ ಉದ್ಘಾಟನೆ ಮಾಡಿಸಿದರು. ಅಲ್ಲಿ ರೋಬಾಟ್ ಕಲಿಸಲಿ, ಬೇಡವೆಂದವರಾರು? ಅದೇ ವರ್ಕ್‌ಶಾಪಿನ ಒಂದು ಮೂಲೆಯಲ್ಲಿ ನಿವೃತ್ತ ಫಿಟ್ಟರ್ ಒಬ್ಬರಿಗೆ ಕುರ್ಚಿ ಹಾಕಿ, ಆರು ಹುಡುಗರ ಕೈಗೆ ಸ್ಕ್ರೇಪರ್ ಕೊಡಿಸಲಿ. ಇದಕ್ಕೆ ಕೋಟಿಗಳು ಬೇಡ, ಗೌರವಧನ ಸಾಕು.

‘ಹೊಸ ಮಿಷನ್ ಮಾರುವವರ ಹೊಟ್ಟೆ ಮೇಲೆ ಯಾಕೆ ಹೊಡೀತೀರಾ?’ ಎಂದು ಸ್ನೇಹಿತರೊಬ್ಬರು ಕೇಳಿದರು, ಅವರು ಅದೇ ವ್ಯಾಪಾರದಲ್ಲಿದ್ದಾರೆ. ಹೊಡೆಯುತ್ತಿಲ್ಲ. ರಿಪೇರಿಯಾದ ಲೇಥಿನಲ್ಲಿ ದುಡಿದು ಎರಡು ಕಾಸು ಕಂಡವನೇ ನಾಳೆ ಧೈರ್ಯವಾಗಿ ಸಿಎನ್‌ಸಿ ಕೊಳ್ಳುವವನು. ಇಂದು ಬಲವಂತಕ್ಕೆ ಕೊಂಡವನು ನಾಳೆ ಶೆಡ್ ಖಾಲಿ ಮಾಡುತ್ತಾನೆ.

ಅಂದಹಾಗೆ ರಾಜಗೋಪಾಲನಗರದಿಂದ ಟೆಂಪೋ ಹತ್ತಿದ ಆ ಎನ್‌ಎಚ್ 22 ಕುಲುಮೆಗೆ ಹೋಗಲಿಲ್ಲ. ಗುಜರಿಯವನಿಗೆ ಬೆಡ್ಡಿನ ಬೆಲೆ ಗೊತ್ತಿತ್ತು. ಯಾರೋ ಅದನ್ನು ತೂಕಕ್ಕಿಂತ ಹೆಚ್ಚು ದುಡ್ಡಿಗೆ ಕೊಂಡು, ಗ್ರೈಂಡ್ ಮಾಡಿಸಿ, ಬಣ್ಣ ಹೊಡೆಸಿ ಮಾರಿದರಂತೆ. ಲಾಭ ಮಾಲೀಕರಿಗೂ ಬರಲಿಲ್ಲ, ಆ ಹಿರಿಯ ಫಿಟ್ಟರಿಗೂ ಬರಲಿಲ್ಲ.

ಪೀಣ್ಯದ ಮಾಲೀಕರಲ್ಲಿ ಒಂದು ವಿನಂತಿ. ಸಚಿವರ ತೀರ್ಮಾನಕ್ಕೆ ಕಾಯಬೇಡಿ. ಟೆಂಪೋದವನಿಗೆ ಫೋನ್ ಮಾಡುವ ಮೊದಲು ಎಚ್‌ಎಂಟಿಯ ಹಳೇ ಫಿಟ್ಟರ್ ಒಬ್ಬರನ್ನು ಹುಡುಕಿ ಕರೆತಂದು, ಬೆಡ್ ಮೇಲೆ ನೀಲಿ ಹಚ್ಚಿಸಿ ನೋಡಿ. ಅವರು ಬೇಡ ಅಂದರೆ ಮಾತ್ರ ತೂಕಕ್ಕೆ ಹಾಕಿ.