ಪಿಲಿಗೆ ಡೀಜೆ ಯಾಕೆ ಮಾರಾಯ್ರೆ?

ಆಫೀಸಿನಲ್ಲಿ ನನ್ನ ಪಕ್ಕದ ಸೀಟಿನವ ಕೋಡ್ ಬರೆಯುವಾಗ ಕಿವಿಗೆ ಹಾಕಿಕೊಳ್ಳುವುದು ಗ್ಯಾಬರ್ ಎಂಬ ಸಂಗೀತ. ಒಂದು ದಿನ ನನಗೂ ಕೇಳಿಸಿದ. ಇದು ಸಂಗೀತವೋ, ಕಲ್ಲು ಒಡೆಯುವ ಮೆಷಿನೋ ಅಂತ ಡೌಟು ಬಂತು :-) 1990ರ ದಶಕದ ಶುರುವಿಗೆ ನೆದರ್‌ಲ್ಯಾಂಡಿನ ರಾಟರ್‌ಡ್ಯಾಮಿನಲ್ಲಿ ಬೆಳೆದದ್ದು. ಡ್ರಮ್ ಮೆಷಿನಿನ ಪೆಟ್ಟನ್ನು ಬೇಕೆಂತಲೇ ಒಡಕು ಮಾಡಿ, ನಿಮಿಷಕ್ಕೆ 160-190 ಸಲ ಬಾರಿಸುವುದು. ಅದಕ್ಕೆ ಸರಿಯಾಗಿ ಒಂದು ಕುಣಿತವೂ ಇದೆ, ಹೆಸರು ಹಾಕನ್. ಡಚ್ಚಿನಲ್ಲಿ 'ಕೊಚ್ಚುವುದು' ಅಂತ ಅರ್ಥ. ಹೆಸರಿಗೆ ತಕ್ಕಂತೆ ಕಾಲು ಪಟಪಟ ನೆಲ ಕೊಚ್ಚುತ್ತದೆ.

ಅದರ ವಿಡಿಯೋ ನೋಡುವಾಗ ನೆನಪಾದದ್ದು ನಮ್ಮ ಪಿಲಿ ನಲಿಕೆ. ಘಟ್ಟದ ಮೇಲಿನವರಿಗೆ ಹುಲಿವೇಷ ಎಂದರೆ ಗೊತ್ತಾದೀತು. 'ಗರುಡ ಗಮನ ವೃಷಭ ವಾಹನ' (2021) ನೋಡಿದವರಿಗಂತೂ ಹೇಳುವುದೇ ಬೇಡ. ನಾನು ಬಂಟ್ವಾಳ ತಾಲೂಕಿನವ. ಇಲ್ಲಿಂದ ಬೆಳ್ತಂಗಡಿಗೆ ಹೋಗಿ, ಮೂಡುಬಿದಿರೆಗೆ ಹೋಗಿ, ಅಷ್ಟಮಿ-ನವರಾತ್ರಿ ಹೊತ್ತಿಗೆ ದೂರದಲ್ಲಿ ತಾಸೆಯ ಪೆಟ್ಟು ಕೇಳಿದರೆ ಸಾಕು, ಮಕ್ಕಳು ಊಟದ ಬಟ್ಟಲು ಬಿಟ್ಟು ಓಡುತ್ತಾರೆ. ತಾಸೆಯ ಚರ್ಮವನ್ನು ಬೆಂಕಿಗೆ ಹಿಡಿದು ಕಾಯಿಸಿ ಬಿಗಿ ಮಾಡಿ ಬಾರಿಸಿದರೆ ಯಾವ ಗ್ಯಾಬರೂ ಬೇಡ.

ಹೋದ ನವರಾತ್ರಿಗೆ ನಮ್ಮೂರಿನ ಮೆರವಣಿಗೆಯಲ್ಲಿ ತಾಸೆಯವರಿರಲಿಲ್ಲ. ಲಾರಿಯಲ್ಲಿ ಡೀಜೆ, ಅದರಲ್ಲಿ ತಾಸೆಯದ್ದೇ ರೆಕಾರ್ಡಿಂಗು! ನನ್ನ ಚಿಕ್ಕಮ್ಮನ ಮಗ ಪಿಲಿ ಹಾಕಿದ್ದ. ಹಿಂದಕ್ಕೆ ಬಾಗಿ ನೆಲದ ಮೇಲಿನ ನೋಟನ್ನು ಬಾಯಲ್ಲಿ ಎತ್ತುವುದಿದೆಯಲ್ಲ, ಆಗ ತಾಸೆಯವ ಹತ್ತಿರ ಬಂದು ಪಿಲಿಯ ಕುತ್ತಿಗೆಯನ್ನೇ ನೋಡುತ್ತಾ ಸಣ್ಣಕೆ ಉರುಳಿಸುತ್ತಿರುತ್ತಾನೆ. ಬೆನ್ನು ನಡುಗಿದರೆ ಕಾಯುತ್ತಾನೆ. ಹಲ್ಲಿಗೆ ನೋಟು ಸಿಕ್ಕಿತೋ, ಆಗ ಬೀಳುವುದು ಪೆಟ್ಟು. ಇವ ಬಾಗಿ ಅರ್ಧ ಆಗುವಾಗಲೇ ರೆಕಾರ್ಡಿಂಗಿನ ಪೆಟ್ಟು ಬಿದ್ದು ಮುಂದೆ ಹೋಗಿಯಾಗಿತ್ತು. ನೋಟು ಎತ್ತಿ ನಿಂತಾಗ ಜನ ಲಾರಿಯ ಲೈಟು ನೋಡುತ್ತಿದ್ದರು. ಅವನ ಮುಖ ಬಣ್ಣದ ಒಳಗಿಂದಲೂ ಸಪ್ಪೆಯಾದದ್ದು ನನಗೆ ಕಂಡಿತು.

ನನಗೆ ಮೆಷಿನಿನ ಮೇಲೆ ಸಿಟ್ಟಿಲ್ಲ, ಹೊಟ್ಟೆಪಾಡೇ ಅದು. ಹಾಕನ್ ಹುಟ್ಟಿದ್ದೇ ಮೆಷಿನಿನ ಪೆಟ್ಟಿಗೆ. ಆ ಪೆಟ್ಟು ಯಾರಿಗೂ ಕಾಯುವುದಿಲ್ಲ, ಕುಣಿಯುವವನಿಗೂ ಕಾಯುವುದು ಬೇಕಿಲ್ಲ. ಪಿಲಿಯದ್ದು ಹಾಗಲ್ಲ. ಅದು ಕುಣಿಯುವವ, ಬಾರಿಸುವವ ಇಬ್ಬರೂ ಸೇರಿ ಆಡುವ ಆಟ. ಒಬ್ಬನನ್ನು ತೆಗೆದು ಸ್ಪೀಕರ್ ಇಟ್ಟರೆ ಉಳಿಯುವುದು ಬಣ್ಣ ಮಾತ್ರ. ಹುಡುಗರಿಗೆ ಡೀಜೆ ಬೇಕಾದರೆ ಮೆರವಣಿಗೆಯ ಬಾಲದಲ್ಲಿ ಇಟ್ಟುಕೊಳ್ಳಲಿ, ಹಾಕನ್ ಬೇಕಾದರೂ ಕುಣಿಯಲಿ, ನಾನೂ ಬರುತ್ತೇನೆ :-)

ತಾಸೆ-ಡೋಲಿನವರಿಗೆ ದಿನದ ಸಂಬಳ, ಊಟ, ವ್ಯಾನಿನ ಬಾಡಿಗೆ ಎಲ್ಲ ಆಗಬೇಕು, ಕಮಿಟಿಯವರ ಲೆಕ್ಕ ಸುಳ್ಳಲ್ಲ. ಅದಕ್ಕೇ ಈ ಸಲ ಇಬ್ಬರು ತಾಸೆಯವರ ಖರ್ಚು ನನ್ನದು ಅಂತ ಫೋನು ಮಾಡಿ ಹೇಳಿದೆ. "ನೋಡುವ" ಅಂದಿದ್ದಾರೆ. ನಮ್ಮ ಕಡೆ "ನೋಡುವ" ಅಂದರೆ ಏನಂತ ನಿಮಗೆ ಗೊತ್ತುಂಟಲ್ಲ...