ಹೆಸರನ್ನು ಕಾಯುವ ಹತ್ತು ಅಂಕಿಗಳು

ಜಪಾನಿನ ಕೋಬೆ ನಗರದ ಸ್ಟೇಕ್ ಜಗತ್ಪ್ರಸಿದ್ಧವಾದುದು. ಗಿರಾಕಿಯ ಕಣ್ಣೆದುರಿಗೇ ಕಾದ ಕಬ್ಬಿಣದ ಹಲಗೆಯ ಮೇಲೆ ಬಾಣಸಿಗನು ಗೋಮಾಂಸದ ದಪ್ಪ ತುಂಡನ್ನು ಬೇಯಿಸಿ, ತುಣುಕುಗಳಾಗಿ ಕತ್ತರಿಸಿ, ಹುರಿದ ಬೆಳ್ಳುಳ್ಳಿಯೊಡನೆ ಬಡಿಸುತ್ತಾನೆ. 1945ರಲ್ಲಿ ಅಲ್ಲಿ ಆರಂಭವಾದ ಮಿಸೊನೊ ಎಂಬ ಹೋಟೆಲು ಈ ಪದ್ಧತಿಗೆ ನಾಂದಿ ಹಾಡಿತೆಂಬುದು ಪ್ರತೀತಿ. ಮಾಂಸದ ಎಳೆಗಳ ನಡುವೆ ಬಲೆಯಂತೆ ಹರಡಿದ ಕೊಬ್ಬು ಅಲ್ಪ ಶಾಖಕ್ಕೇ ಕರಗುವುದರಿಂದ ರುಚಿಗೆ ಉಪ್ಪು, ಮೆಣಸು ಸಾಕು, ಮಸಾಲೆಯ ಹಂಗಿಲ್ಲ.

ಈ ಆಹಾರ ನಮ್ಮ ಓದುಗರಲ್ಲಿ ಅನೇಕರಿಗೆ ವರ್ಜ್ಯವೆಂಬುದನ್ನು ಬಲ್ಲೆ. ಆದರೆ ಆ ತಟ್ಟೆಯ ಹಿಂದಿರುವ ವ್ಯಾಪಾರ ನೀತಿ ಯಾವ ವರ್ತಕನಿಗೂ ವರ್ಜ್ಯವಲ್ಲ.

ಮಸಾಲೆಯಿಲ್ಲದ ತಿನಿಸಿನಲ್ಲಿ ಸರಕಿನ ಗುಣವೇ ಸರ್ವಸ್ವ. ಹಸಿ ಮಾಂಸವನ್ನು ನೋಡಿ ಅದರ ಮೂಲವನ್ನು ಹೇಳುವುದು ಸಾಮಾನ್ಯ ಗ್ರಾಹಕನಿಗೆ ಅಸಾಧ್ಯ. ಅವನು ಹಣ ತೆರುವುದು ಹೆಸರನ್ನು ನಂಬಿ. ಹ್ಯೊಗೊ ಪ್ರಾಂತದಲ್ಲೇ ಹುಟ್ಟಿ ಬೆಳೆದ ತಾಜಿಮಾ ತಳಿಯ ರಾಸಿನ ಮಾಂಸವು ನಿಗದಿತ ದರ್ಜೆಯನ್ನು ಮುಟ್ಟಿದರೆ ಮಾತ್ರ ಅದಕ್ಕೆ ಕೋಬೆ ಎಂಬ ಹೆಸರು ಸಲ್ಲುತ್ತದೆ. ಈ ನಿಯಮಗಳ ಪಾಲನೆಗಾಗಿ 1983ರಲ್ಲೇ ಉತ್ಪಾದಕರೂ ವ್ಯಾಪಾರಿಗಳೂ ಸಂಘ ಕಟ್ಟಿಕೊಂಡರು.

ಆದರೂ ಆ ದೇಶಕ್ಕೆ ಪೆಟ್ಟು ತಪ್ಪಲಿಲ್ಲ. 2001ರಲ್ಲಿ ಜಪಾನಿನಲ್ಲಿ ಹುಚ್ಚು ಹಸು ರೋಗ ಕಾಣಿಸಿಕೊಂಡಿತು. ಸಂಕಷ್ಟಕ್ಕೊಳಗಾದ ಉದ್ಯಮದ ನೆರವಿಗೆ ಸರ್ಕಾರವು ದೇಶೀಯ ಮಾಂಸವನ್ನು ಖರೀದಿಸಲು ಮುಂದಾದಾಗ, ದೊಡ್ಡ ಕಂಪನಿಯೊಂದು ಆಮದು ಮಾಂಸಕ್ಕೆ ದೇಶೀಯ ಚೀಟಿ ಅಂಟಿಸಿ ಹಣ ಪಡೆಯಲು ಹೊರಟು 2002ರಲ್ಲಿ ಸಿಕ್ಕಿಬಿದ್ದಿತು. ಅದೇ ವರ್ಷ ಬಾಗಿಲು ಮುಚ್ಚಿತು. 2003ರಲ್ಲಿ ಕಾಯಿದೆ ಬಂತು. ದೇಶದಲ್ಲಿ ಬೆಳೆಯುವ ಪ್ರತಿ ರಾಸಿಗೂ ಹತ್ತು ಅಂಕಿಗಳ ಸಂಖ್ಯೆ ದೊರೆಯಿತು. ಮಾಂಸದಂಗಡಿಯವರೂ ಸ್ಟೇಕ್ ಹೋಟೆಲಿನವರೂ ಆ ಸಂಖ್ಯೆಯನ್ನು ಪ್ರದರ್ಶಿಸಲೇಬೇಕು. ಪೊಟ್ಟಣ ಕೊಂಡು ಮನೆಯಲ್ಲಿ ಬೇಯಿಸುವವರು, ಬಾಣಲೆ ಕಾಯುವಷ್ಟರಲ್ಲಿ ಸಂಖ್ಯೆಯನ್ನು ಸರ್ಕಾರಿ ಜಾಲತಾಣದಲ್ಲಿ ನಮೂದಿಸಿ, ರಾಸು ಹುಟ್ಟಿದ ದಿನ, ತಳಿ, ಬೆಳೆದ ಪ್ರಾಂತಗಳನ್ನು ತಿಳಿಯಬಹುದು. ಹೋಟೆಲಿನ ಮೇಜಿಗೂ ಮನೆಯ ಒಲೆಗೂ ಒಂದೇ ಭರವಸೆ!

ಕಾವಲಿಲ್ಲದ ಕಡೆ ಏನಾಯಿತೆಂಬುದನ್ನೂ ನೋಡೋಣ. ಕೋಬೆ ಮಾಂಸದ ಅಧಿಕೃತ ರಫ್ತು ಆರಂಭವಾದದ್ದೇ 2012ರಲ್ಲಿ. ಅದಕ್ಕೆ ಮುನ್ನವೇ ಅಮೆರಿಕದ ಎಷ್ಟೋ ಹೋಟೆಲುಗಳ ತಿನಿಸುಪಟ್ಟಿಯಲ್ಲಿ ಕೋಬೆ ಹೆಸರು ರಾರಾಜಿಸುತ್ತಿತ್ತು. ಗ್ರಾಹಕ ದುಬಾರಿ ಬೆಲೆ ತೆತ್ತ. ಹೆಸರಿನ ಒಡೆಯರಾದ ಹ್ಯೊಗೊ ರೈತರಿಗೆ ಬಿಡಿಗಾಸೂ ದಕ್ಕಲಿಲ್ಲ.

ಇದನ್ನು ಓದುವಾಗ ನಮ್ಮ ಬ್ಯಾಡಗಿ ಮೆಣಸಿನಕಾಯಿ, ಧಾರವಾಡ ಪೇಡ, ನಂಜನಗೂಡು ರಸಬಾಳೆ ನೆನಪಾಗದೆ ಇರವು. ಇವೆಲ್ಲಕ್ಕೂ ಭೌಗೋಳಿಕ ಸೂಚ್ಯಂಕದ ಮಾನ್ಯತೆಯಿದೆ. ಆದರೆ ನೋಂದಣಿ ಪತ್ರವು ಬೀಗವಿದ್ದಂತೆ. ಹಾಕದೆ ಬಿಟ್ಟರೆ ಕಳ್ಳನಿಗೇನು ಭಯ? ಬ್ಯಾಡಗಿಯೆಂದು ಮಾರುವ ಪುಡಿಯಲ್ಲಿ ಬ್ಯಾಡಗಿ ಎಷ್ಟೆಂದು ಕೊಳ್ಳುವವನು ತಿಳಿಯುವ ಬಗೆ ಹೇಗೆ? ಮೈಸೂರು ರೇಷ್ಮೆ ಸೀರೆಗಳಿಗೆ ಕೆ.ಎಸ್.ಐ.ಸಿ. ಗುರುತು ಸಂಖ್ಯೆಯನ್ನೂ ಹಾಲೋಗ್ರಾಂ ಮುದ್ರೆಯನ್ನೂ ನೀಡುತ್ತಿರುವುದು ಅನುಕರಣೀಯ.

ಇಂತಹ ವ್ಯವಸ್ಥೆ ಸಣ್ಣ ವ್ಯಾಪಾರಿಗೆ ಹೊರೆಯೆಂಬ ಆಕ್ಷೇಪ ಸಹಜ, ನ್ಯಾಯವೂ ಹೌದು. ಎಲ್ಲವನ್ನೂ ಒಮ್ಮೆಗೇ ಮಾಡಬೇಕಾಗಿಲ್ಲ. ಖರೀದಿಸಿದ ಪ್ರತಿ ಲಾಟಿಗೆ ಒಂದು ಸಂಖ್ಯೆ, ಪುಸ್ತಕದಲ್ಲಿ ಒಂದು ಸಾಲು, ಚೀಲದ ಮೇಲೆ ಅದೇ ಸಂಖ್ಯೆ: ಇಷ್ಟರಿಂದ ಆರಂಭಿಸಬಹುದು. ಸರ್ಕಾರ ಕಾಯಿದೆ ತರುವವರೆಗೆ ಕಾಯುವುದಕ್ಕಿಂತ ವರ್ತಕ ಸಂಘಗಳೇ ಮುಂದಾಗುವುದು ಲೇಸು. ಜಪಾನಿನವರು ಪೆಟ್ಟು ತಿಂದು ಕಲಿತರು. ಅದನ್ನು ಕಂಡು ಕಲಿಯುವ ಅವಕಾಶ ನಮಗಿದೆ. ಹೆಸರೆಂಬುದು ಊರಿಗೆಲ್ಲ ಸೇರಿದ ಮೂಲಧನ. ಅದು ಒಮ್ಮೆ ಕರಗಿದರೆ ಯಾವ ಬ್ಯಾಂಕೂ ಸಾಲ ಕೊಡದು.